ದೆಹಲಿಯ ಆದೇಶ, ಕಾರಟಗಿಯ ಕಣ

(ತುಂಗಭದ್ರಾ ಅಚ್ಚುಕಟ್ಟಿನ ಮತ್ತು ಸುತ್ತಲಿನ ಒಣಬೇಸಾಯದ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ನೆಲ್ಲು ಬೆಳೆಗಾರರು ಇಲ್ಲಿದ್ದೀರಿ. ಕುಷ್ಟಗಿ, ಲಿಂಗಸುಗೂರು ಕಡೆಯ ಎರೆ ಹೊಲದವರೂ ಇದ್ದೀರಿ. ಪೇಟೆಯಲ್ಲಿ ದರ ಬಿದ್ದರೆ ಮೊದಲು ಬೈಸಿಕೊಳ್ಳುವವನು ಎದುರಿಗೆ ಕೂತ ದಲಾಲಿ. ಎಷ್ಟೋ ಸಲ ಅದು ಅವನಿಗೆ ಸಲ್ಲಬೇಕಾದದ್ದೇ. ಆದರೆ ದಲಾಲಿಯ ಬೆನ್ನ ಹಿಂದೆ ದೆಹಲಿಯ ಒಂದು ಅಧಿಸೂಚನೆಯೂ ನಿಂತಿರುತ್ತದೆ. ಅದನ್ನು ನಾವು ಓದುವುದು ಕಡಿಮೆ.

ನೆಲ್ಲನ್ನೇ ನೋಡ್ರಿ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತು ನಿಂತಿತು, ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತಿಗೆ ಶೇ 20 ಸುಂಕ ಬಿತ್ತು. 2023ರ ಜುಲೈ 20ರಂದು ಆ ಬಿಳಿ ಅಕ್ಕಿಯ ರಫ್ತೇ ನಿಷೇಧವಾಯಿತು. ವಾರ ಕಳೆಯುವಷ್ಟರಲ್ಲಿ ಎಣ್ಣೆ ತೆಗೆದ ತೌಡಿನ ರಫ್ತಿಗೂ ಬೀಗ. 2024ರ ಸೆಪ್ಟೆಂಬರ್ 28ರಂದು ಅಕ್ಕಿಯ ನಿಷೇಧ ಹೋಯಿತು, ಟನ್ನಿಗೆ 490 ಡಾಲರಿಗಿಂತ ಕಡಿಮೆಗೆ ಕಳಿಸಬಾರದು ಎಂಬ ಷರತ್ತು ಬಂತು. ತಿಂಗಳೊಳಗೆ ಆ ಷರತ್ತೂ ಹೋಯಿತು. ನುಚ್ಚಿನ ರಫ್ತು 2025ರ ಮಾರ್ಚಿನಲ್ಲಿ ತೆರೆಯಿತು, ಎಣ್ಣೆ ತೆಗೆದ ತೌಡಿನದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ನಾಟಿ ಮಾಡಿದಾಗ ಇದ್ದ ನಿಯಮ ಕಟಾವಿನ ಹೊತ್ತಿಗೆ ಇರುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ.

ಮುಂದಿನ ಆದೇಶ ಏನು ಬರುತ್ತದೆ ಎಂದು ಊಹಿಸುವುದು ರೈತನ ಕೆಲಸ ಅಲ್ಲ. ದೊಡ್ಡ ರಫ್ತುದಾರರೇ ಅದರಲ್ಲಿ ಕೈ ಸುಟ್ಟುಕೊಂಡಿದ್ದಾರೆ. ನಮ್ಮ ಕೈಯಲ್ಲಿರುವುದು ಬೇರೆ: ಆದೇಶ ಬಂದ ವಾರವೇ ಮಾಲು ಮಾರಿ ತೀರಬೇಕಾದ ಇಕ್ಕಟ್ಟಿನಲ್ಲಿ ನಾವು ಇರದಂತೆ ನೋಡಿಕೊಳ್ಳುವುದು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

"ನಮ್ಮ ಸೋನಾ ಮಸೂರಿಯ ಹೆಚ್ಚಿನ ಪಾಲು ಬೆಂಗಳೂರು, ಚೆನ್ನೈನ ಅಡುಗೆಮನೆಗೆ ಹೋಗುತ್ತದೆ, ರಫ್ತು ನಿಂತರೆ ನಮಗೇನು" ಎಂದು ಕೇಳಬಹುದು. ಮಿಲ್ಲಿನ ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. 75 ಕೆಜಿಯ ಒಂದು ಚೀಲ ನೆಲ್ಲಿನಿಂದ ಶೇ 67ರ ಇಳುವರಿಯಲ್ಲಿ ನುಚ್ಚು ಸೇರಿ ಸುಮಾರು 50 ಕೆಜಿ ಅಕ್ಕಿ, 6 ಕೆಜಿ ತೌಡು, 15 ಕೆಜಿ ಹೊಟ್ಟು. ಮಿಲ್ಲಿನವರು ನೆಲ್ಲಿಗೆ ಕೊಡುವ ದರ ಬರೀ ಅಕ್ಕಿಯಿಂದ ಹುಟ್ಟುವುದಿಲ್ಲ, ನುಚ್ಚು ಮತ್ತು ತೌಡಿನ ಹಣವೂ ಅದರಲ್ಲಿ ಸೇರಿರುತ್ತದೆ. ಎಣ್ಣೆ ತೆಗೆದ ತೌಡಿನ ರಫ್ತು ನಿಂತರೆ ಎಣ್ಣೆ ಕಾರ್ಖಾನೆಯವರು ಮಿಲ್ಲಿನಿಂದ ಕೊಳ್ಳುವ ತೌಡಿನ ದರ ಇಳಿಸುತ್ತಾರೆ, ಮಿಲ್ಲಿನವರು ಆ ಕೊರತೆಯನ್ನು ನಿಮ್ಮ ನೆಲ್ಲಿನ ದರದಲ್ಲಿ ತುಂಬಿಕೊಳ್ಳುತ್ತಾರೆ. ಜೊತೆಗೆ ಆಂಧ್ರ, ತೆಲಂಗಾಣದಲ್ಲಿ ರಫ್ತಿಗೆಂದು ಇಟ್ಟ ಅಕ್ಕಿ ದೇಶದೊಳಗಿನ ಪೇಟೆಗೇ ತಿರುಗುತ್ತದೆ. ಹಾಗೆಂದು ಪ್ರತಿ ನಿಷೇಧಕ್ಕೂ ದರ ಬಿದ್ದೇ ಬೀಳುತ್ತದೆ ಎಂದೂ ಅಲ್ಲ. 2023 ಬರದ ವರ್ಷ, ಮಾಲೇ ಕಡಿಮೆ ಇತ್ತು, ನಿಷೇಧದ ಪೆಟ್ಟು ಇಲ್ಲಿ ಅಷ್ಟಾಗಿ ಕಾಣಲಿಲ್ಲ. ನಿಯಮ ಮತ್ತು ಮಳೆ ಎರಡನ್ನೂ ಕೂಡಿಸಿಯೇ ನೋಡಬೇಕು.

ಕಣ್ಣಿಡಬೇಕಾದ ಕೆಲವು ದಿನಾಂಕಗಳಿವೆ. ಬೇಳೆಕಾಳಿನ ಆಮದಿಗೆ ಕೊಡುವ ಸುಂಕ ವಿನಾಯಿತಿ ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ, ಹಲವು ಸಲ ಅದಕ್ಕೆ ಮುಂಚೆಯೇ ಮುಂದುವರಿಯುತ್ತದೆ. ರಂಜಕ ಮತ್ತು ಪೊಟ್ಯಾಷ್ ಗೊಬ್ಬರದ ಸಬ್ಸಿಡಿ ದರ ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ ಬದಲಾಗುತ್ತದೆ. ಹತ್ತಿಯ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್. ಆಫ್ರಿಕಾದ ತೊಗರಿ ಬಂದರಿಗೆ ಇಳಿಯುವುದು ಆಗಸ್ಟಿನಿಂದ ಮುಂದೆ, ಎಂದರೆ ನಮ್ಮ ತೊಗರಿ ರಾಶಿಗೆ ಸ್ವಲ್ಪವೇ ಮುಂಚೆ. ಈ ದಿನಾಂಕಗಳ ಆಜುಬಾಜಿನಲ್ಲಿ ಮಾಲನ್ನೆಲ್ಲ ಒಂದೇ ದಿನ ಪೇಟೆಗೆ ಹಾಕುವ ಯೋಜನೆ ಇದ್ದರೆ ಅದನ್ನು ಎರಡು ಮೂರು ಕಂತಿಗೆ ಒಡೆಯಿರಿ.

ಹಸಿ ನೆಲ್ಲು, ಒಣ ನೆಲ್ಲು

ಕಟಾವು ಯಂತ್ರದಿಂದ ಇಳಿದ ನೆಲ್ಲಿನಲ್ಲಿ ಶೇ 20ರಿಂದ 24ರಷ್ಟು ತೇವಾಂಶ ಇರುತ್ತದೆ. ಬೆಂಬಲ ಬೆಲೆ ಕೇಂದ್ರದ ಮಿತಿ ಶೇ 17. ಗೋದಾಮಿನಲ್ಲಿ ಎರಡು ತಿಂಗಳು ಇಡಬೇಕಾದರೆ ಶೇ 14ಕ್ಕೆ ಇಳಿಯಲೇಬೇಕು. ಶೇ 17ರಲ್ಲೇ ನಿಟ್ಟು ಹಚ್ಚಿದರೆ ಒಳಗಿನ ಚೀಲ ಬಿಸಿಯಾಗುತ್ತದೆ, ಕಾಳು ಹಳದಿಗೆ ತಿರುಗುತ್ತದೆ, ಆಮೇಲೆ ಸೋನಾದ ದರ ಯಾರೂ ಕೊಡುವುದಿಲ್ಲ.

ಒಣಗಿಸಿದರೆ ತೂಕ ಹೋಗುತ್ತದೆ ಎಂಬ ಭಯದಿಂದ ಬಹಳ ಜನ ಹಸಿಯದ್ದನ್ನೇ ಕೊಟ್ಟುಬಿಡುತ್ತಾರೆ. ಭಯ ಸುಳ್ಳಲ್ಲ, ಆದರೆ ಅದಕ್ಕೆ ಲೆಕ್ಕ ಇದೆ. ಶೇ 22 ತೇವದ 100 ಕೆಜಿ ನೆಲ್ಲಿನಲ್ಲಿ ಒಣ ಪದಾರ್ಥ 78 ಕೆಜಿ. ಅದನ್ನು ಶೇ 17ಕ್ಕೆ ಒಣಗಿಸಿದರೆ 78ನ್ನು 0.83ರಿಂದ ಭಾಗಿಸಬೇಕು, 94 ಕೆಜಿ ಉಳಿಯುತ್ತದೆ. ಶೇ 14ಕ್ಕೆ ಒಣಗಿಸಿದರೆ 90.7 ಕೆಜಿ. ಅಂದರೆ ಹಸಿ ನೆಲ್ಲಿಗೆ ಕ್ವಿಂಟಲಿಗೆ 2,000 ರೂಪಾಯಿ ಕೇಳುತ್ತಿದ್ದರೆ, ಶೇ 17ಕ್ಕೆ ಒಣಗಿದ ನೆಲ್ಲಿಗೆ 2,128ಕ್ಕಿಂತ ಮೇಲೆ ಸಿಕ್ಕಾಗ ಮಾತ್ರ ಒಣಗಿಸಿದ್ದು ಲಾಭ. ಅದರ ಮೇಲೆ ಆಳಿನ ಕೂಲಿ, ತಾಡಪತ್ರಿ ಸೇರಿಸಿಕೊಳ್ಳಿ. ದರದ ಅಂತರ ಇದಕ್ಕಿಂತ ಕಡಿಮೆ ಇದ್ದರೆ ಹಸಿಯದ್ದನ್ನೇ ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಗೊಂದಲ ಚೀಲದ್ದು. ನಮ್ಮ ಪೇಟೆಯ ದರ 75 ಕೆಜಿ ಚೀಲಕ್ಕೆ, ಸರ್ಕಾರದ ದರ ಕ್ವಿಂಟಲಿಗೆ. 2025-26ರ ಬೆಂಬಲ ಬೆಲೆ ಸಾಮಾನ್ಯ ನೆಲ್ಲಿಗೆ 2,369, ಎ ದರ್ಜೆಗೆ 2,389. ಚೀಲಕ್ಕೆ ಇಳಿಸಿದರೆ ಕ್ರಮವಾಗಿ 1,776 ರೂ. 75 ಪೈಸೆ, 1,791 ರೂ. 75 ಪೈಸೆ. ಈ ಎರಡು ಅಂಕಿಗಳು ಬಾಯಲ್ಲೇ ಇರಲಿ. ಸೋನಾಕ್ಕೆ ಒಳ್ಳೆಯ ವರ್ಷದಲ್ಲಿ ಇದಕ್ಕಿಂತ ಹೆಚ್ಚೇ ಸಿಗುವುದರಿಂದ ನಮ್ಮವರು ನೋಂದಣಿ ಕಡೆ ತಲೆಯನ್ನೇ ಹಾಕುವುದಿಲ್ಲ. ದರ ಬಿದ್ದ ಮೇಲೆ ಓಡಿ ಬಂದರೆ ನೋಂದಣಿಯ ದಿನ ಮುಗಿದಿರುತ್ತದೆ. ಮಾರುವ ಮನಸ್ಸು ಇರಲಿ ಬಿಡಲಿ, ನೋಂದಣಿ ಮಾಡಿಸಿಡಿ. ಮಾಲು ತರದಿದ್ದರೆ ದಂಡವೇನೂ ಇಲ್ಲ.

ಇಟ್ಟು ಮಾರುವುದು ಯಾವಾಗ ಗಿಟ್ಟುತ್ತದೆ? ಲೆಕ್ಕಕ್ಕೆಂದು ಚೀಲದ ದರ 1,600 ಎಂದಿಟ್ಟುಕೊಳ್ಳೋಣ, ಇಡುವುದು ಮೂರು ತಿಂಗಳು. ಗೋದಾಮಿನ ಬಾಡಿಗೆ ಮತ್ತು ಹಮಾಲಿ 30, ತೂಕ ಶೇ 1 ಇಳಿದರೆ 16. ದಲಾಲಿಯ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ ಇದ್ದರೆ 96. ಒಟ್ಟು 142. ದರ 1,742 ಮುಟ್ಟದಿದ್ದರೆ ನೀವು ಸುಮ್ಮನೆ ಗೋದಾಮಿನವನಿಗೆ ಬಾಡಿಗೆ ಕಟ್ಟಿದ ಹಾಗೆ. ಅದೇ ಸಾಲ ವರ್ಷಕ್ಕೆ ಶೇ 7ರದ್ದಾದರೆ ಬಡ್ಡಿ 28, ಒಟ್ಟು ಖರ್ಚು 74. ಇಟ್ಟು ಮಾರುವ ಶಕ್ತಿ ಬರುವುದು ಗೋದಾಮಿನಿಂದಲ್ಲ, ಬಡ್ಡಿಯಿಂದ. ಗೋದಾಮು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತವಾದ ಗೋದಾಮಿನಲ್ಲಿ ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತದೆ, ಅದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ, ಅತಿ ಸಣ್ಣ ರೈತರಿಗೆ ಈ ಸಾಲ ಕೊಯ್ಲಿನ ನಂತರ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿಯಲ್ಲಿ ಸಿಗುತ್ತದೆ. ಊರಿನ ಖಾಸಗಿ ಗೋದಾಮಿನ ಕೈಬರಹದ ಚೀಟಿಗೆ ಬ್ಯಾಂಕಿನಲ್ಲಿ ಬೆಲೆ ಇಲ್ಲ. ಇಡುವ ಮುಂಚೆಯೇ ಕೇಳಿಕೊಳ್ಳಿ.

ದಲಾಲಿಯಿಂದ ಬೀಜ, ಗೊಬ್ಬರ, ಎಣ್ಣೆಗೆ (ಕೀಟನಾಶಕಕ್ಕೆ) ಮುಂಗಡ ತಂದವರಿಗೆ ಈ ಸ್ವಾತಂತ್ರ್ಯ ಇಲ್ಲ, ಮಾಲು ಅವನ ಅಂಗಡಿಗೇ ಹೋಗಬೇಕು. ಒಂದೇ ವರ್ಷಕ್ಕೆ ಅದನ್ನು ಕಡಿದುಕೊಳ್ಳಲು ಆಗುವುದಿಲ್ಲ. ಮುಂಗಡದ ಮೂರನೇ ಒಂದು ಪಾಲನ್ನಾದರೂ ಸಹಕಾರ ಸಂಘದ ಬೆಳೆ ಸಾಲಕ್ಕೆ ಬದಲಾಯಿಸಿದರೆ ಅಷ್ಟು ಚೀಲ ನಿಮ್ಮ ಕೈಯಲ್ಲಿ ಉಳಿಯುತ್ತವೆ. ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಸಹಕಾರಿ ಸಾಲಕ್ಕೆ, ಗಡುವಿನೊಳಗೆ ತೀರಿಸಿದರೆ, ಬಡ್ಡಿ ಇಲ್ಲ. ಸಂಘದಲ್ಲಿ ಅಷ್ಟು ಹಣ ಎಲ್ಲರಿಗೂ ಸಿಗುವುದಿಲ್ಲ ಎಂಬುದು ನಿಮಗೂ ಗೊತ್ತು. ಆದರೂ ಅರ್ಜಿ ಹಾಕದವನಿಗಂತೂ ಸಿಗುವುದಿಲ್ಲ.

ಕಾಗದದಲ್ಲಿ ಬೆಳೆ ತಪ್ಪಿದರೆ

ಬೆಂಬಲ ಬೆಲೆ, ಬೆಳೆ ವಿಮೆ, ಬರ ಪರಿಹಾರ ಯಾವುದೇ ಇರಲಿ, ಈಗ ಎಲ್ಲವೂ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮತ್ತು ಬೆಳೆ ಸಮೀಕ್ಷೆಗೆ ಕಟ್ಟುಬಿದ್ದಿವೆ. ಹೊಲದಲ್ಲಿ ಹತ್ತಿ ಇದೆ, ಸಮೀಕ್ಷೆಯಲ್ಲಿ ತೊಗರಿ ಎಂದಿದೆ ಎಂದಾದರೆ ಹತ್ತಿ ಖರೀದಿ ಕೇಂದ್ರದಲ್ಲಿ ನಿಮ್ಮ ಹೆಸರು ಬರುವುದಿಲ್ಲ. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆ ಬೀಳದಿದ್ದರೆ ಪರಿಹಾರ ತಿರಸ್ಕೃತವಾಗುತ್ತದೆ. ತಪ್ಪು ಆಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಸಮೀಕ್ಷೆಗೆ ಬಂದವರು ರಸ್ತೆ ಬದಿಯಲ್ಲೇ ನಿಂತು ಫೋಟೋ ತೆಗೆದಿರುತ್ತಾರೆ, ಇಲ್ಲವೇ ಒಂದೇ ಸರ್ವೆ ನಂಬರಿನಲ್ಲಿ ಎರಡು ಬೆಳೆ ಇದ್ದರೂ ಒಂದನ್ನೇ ದಾಖಲಿಸಿರುತ್ತಾರೆ. ರೈತರ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಹೊಲದ ನಡುವೆ ನಿಂತು ಫೋಟೋ ಹಾಕಿರಿ, ಅಂತರ ಬೆಳೆಯನ್ನೂ ವಿಸ್ತೀರ್ಣ ಹಂಚಿ ತೋರಿಸಿರಿ. ಮುಗಿದ ಮೇಲೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಆಕ್ಷೇಪಣೆಗೆ ಗಡುವು ಇರುತ್ತದೆ, ಅದು ಮುಗಿದ ಮೇಲೆ ತಹಶೀಲ್ದಾರ್ ಕಚೇರಿ, ರೈತ ಸಂಪರ್ಕ ಕೇಂದ್ರ ಎಂದು ಅಲೆದಾಟವೇ ಗತಿ.

ಬ್ಯಾಂಕ್ ಖಾತೆಯದ್ದೂ ಒಂದು ತೊಡಕು. ಹಣ ಬರುವುದು ನೀವು ಕೊಟ್ಟ ಪಾಸ್‌ಬುಕ್ಕಿನ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕ್ ಖಾತೆಯೊಂದನ್ನು ಎಂದೋ ತೆರೆದು ಮರೆತಿದ್ದರೆ ಹಣ ಅಲ್ಲಿ ಹೋಗಿ ಕೂತಿರುತ್ತದೆ.

ಈಗ ಗುತ್ತಿಗೆಯ ಮಾತು. ಅಚ್ಚುಕಟ್ಟಿನಲ್ಲಿ ನೆಲ್ಲು ಬೆಳೆಯುವವರಲ್ಲಿ ದೊಡ್ಡ ಪಾಲು ಲೀಜಿನವರು. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲಿ ಗೇಣಿಗೆ ಕೆಲವೇ ವಿನಾಯಿತಿ ಬಿಟ್ಟರೆ ಜಾಗವಿಲ್ಲ, ಆದ್ದರಿಂದ ಬರವಣಿಗೆಗೆ ಮಾಲೀಕರು ಹೆದರುತ್ತಾರೆ. ಎಫ್‌ಐಡಿ ಅವರ ಹೆಸರಲ್ಲಿ, ನಷ್ಟ ನಿಮ್ಮ ಹೆಸರಲ್ಲಿ. ನೀತಿ ಬದಲಾಗಬೇಕಾದ ಜಾಗ ಇದೇ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಲ್ಲಿಯವರೆಗೆ ಮಾಡಬಹುದಾದದ್ದು ಮೂರು. ಬೆಂಬಲ ಬೆಲೆಯ ಹಣ, ವಿಮೆ, ಪರಿಹಾರ ಮಾಲೀಕರ ಖಾತೆಗೆ ಬಂದರೆ ಎಷ್ಟು ದಿನದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಉಳುಮೆಗೆ ಮುಂಚೆ ಇಬ್ಬರು ಹಿರಿಯರ ಎದುರು ಮಾತಾಡಿಕೊಳ್ಳಿ. ಲೀಜನ್ನು ಎಕರೆಗೆ ಇಷ್ಟು ಸಾವಿರ ಎಂದು ಮೊದಲೇ ನಿಗದಿ ಮಾಡಿದರೆ ದರ ಬಿದ್ದಾಗ ಪೂರ್ತಿ ಪೆಟ್ಟು ನಿಮಗೇ. ಎಕರೆಗೆ ಇಷ್ಟು ಚೀಲ ಎಂದರೆ ಮಾಲೀಕರೂ ಅದರಲ್ಲಿ ಪಾಲುದಾರರು. ಪೂರ್ತಿ ಚೀಲಕ್ಕೆ ಒಪ್ಪದಿದ್ದರೆ ಅರ್ಧ ನಗದು, ಅರ್ಧ ಚೀಲ ಕೇಳಿ. ಮೂರನೆಯದು ಸಾಲ: ನಾಲ್ಕರಿಂದ ಹತ್ತು ಜನ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ ಪಹಣಿಯ ಅಡಮಾನ ಇಲ್ಲದೆ ಬ್ಯಾಂಕ್ ಸಾಲ ಕೇಳಬಹುದು. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕಾಗುತ್ತದೆ, ಜನರನ್ನು ನೋಡಿ ಸೇರಿರಿ.

ಹತ್ತಿ

ಆಮದು ಹತ್ತಿಗೆ 2021ರಿಂದ ಶೇ 11 ಸುಂಕ ಇತ್ತು. 2022ರಲ್ಲಿ ಏಪ್ರಿಲಿನಿಂದ ಅಕ್ಟೋಬರ್ ಕೊನೆಯವರೆಗೆ ಅದನ್ನು ಬಿಟ್ಟರು. 2025ರ ಆಗಸ್ಟ್ 19ರಿಂದ ಮತ್ತೆ ಬಿಟ್ಟು, ಮೊದಲು ಸೆಪ್ಟೆಂಬರ್ 30 ಎಂದವರು ಡಿಸೆಂಬರ್ 31ರವರೆಗೆ ಎಳೆದರು. ಅದೇ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿ ಬಟ್ಟೆ ಉದ್ಯಮಕ್ಕೆ ಬಿಸಿ ಮುಟ್ಟಿಸಿತು. ನೂಲಿನ ಗಿರಣಿಗೆ ಹೊರಗಿನ ಹತ್ತಿ ಅಗ್ಗ, ಬಟ್ಟೆಗೆ ಬೇಡಿಕೆ ಕಡಿಮೆ. ರಾಯಚೂರು ಪೇಟೆಗೆ ಹೊಸ ಹತ್ತಿ ಬರುವ ಹೊತ್ತಿಗೆ ಸರಿಯಾಗಿ ಈ ಎರಡೂ ಕೂಡಿದವು.

ಇಂಥ ವರ್ಷದಲ್ಲಿ ಭಾರತೀಯ ಹತ್ತಿ ನಿಗಮದ ಖರೀದಿಯೇ ಆಸರೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ ಉದ್ದ ಎಳೆಗೆ 8,110, ಮಧ್ಯಮ ಎಳೆಗೆ 7,710. ಆದರೆ 8,110 ಸಿಗುವುದು ಶೇ 8 ತೇವಾಂಶಕ್ಕೆ. ಅದರ ಮೇಲೆ ಪ್ರತಿ ಶೇಕಡಾ ಒಂದಕ್ಕೆ ದರದಲ್ಲೂ ನೂರಕ್ಕೆ ಒಂದು ಕಡಿತ. ಶೇ 12 ಇದ್ದರೆ 324 ರೂಪಾಯಿ ಹೋಗಿ 7,786ರ ಸುಮಾರು ಉಳಿಯುತ್ತದೆ. 12 ದಾಟಿದರೆ ಗಾಡಿ ವಾಪಸು, ಬಾಡಿಗೆ ನಿಮ್ಮ ತಲೆ ಮೇಲೆ. ಇಬ್ಬನಿ ಆರುವ ಮುಂಚೆ ಬಿಡಿಸಬೇಡಿ. ಬಿಡಿಸಿದ್ದನ್ನು ಒಂದೆರಡು ದಿನ ಬಿಸಿಲಿಗೆ ತೆಳ್ಳಗೆ ಹರಡಿ. ಮೊದಲೆರಡು ಬಿಡಿಯ ಹತ್ತಿಯನ್ನು ಕೊನೆಯ ಬಿಡಿಯ ಜೊತೆ ಕೂಡಿಸಬೇಡಿ. ಗುಲಾಬಿ ಕಾಯಿಕೊರಕ ತಿಂದ ಕಾಯಿಯ ಕಲೆಹತ್ತಿದ ಹತ್ತಿ ಒಂದು ಚೀಲದಷ್ಟು ಬೆರೆತರೂ ಇಡೀ ರಾಶಿಯ ದರ್ಜೆ ಇಳಿಯುತ್ತದೆ. ಪ್ಲಾಸ್ಟಿಕ್ ಗೊಬ್ಬರದ ಚೀಲದಲ್ಲಿ ತುಂಬಿದರೆ ಅದರ ಎಳೆ ನೂಲಿನವರೆಗೂ ಹೋಗುತ್ತದೆ, ಗಿರಣಿಯವರು ಅದನ್ನೇ ನೆಪ ಮಾಡುತ್ತಾರೆ. ನೋಂದಣಿ, ದಿನದ ಬುಕಿಂಗ್ ಈಗ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ.

ಗೊಬ್ಬರ: ಚೀಲ ಲೆಕ್ಕ ಬಿಟ್ಟು ಕೆಜಿ ಲೆಕ್ಕ

ಯೂರಿಯಾಕ್ಕೆ ಸರ್ಕಾರವೇ ದರ ಕಟ್ಟಿದೆ, 45 ಕೆಜಿ ಚೀಲಕ್ಕೆ 266 ರೂ. 50 ಪೈಸೆ. ಉಳಿದವುಗಳಿಗೆ 2010ರಿಂದ ಪೋಷಕಾಂಶದ ಕೆಜಿ ಲೆಕ್ಕದಲ್ಲಿ ಸಬ್ಸಿಡಿ. ಲೋಕದ ಪೇಟೆಯಲ್ಲಿ ದರ ಏರಿದರೆ ಆ ಏರಿಕೆ ಚೀಲಕ್ಕೆ ಬೀಳುತ್ತದೆ. ಡಿಎಪಿಗೆ (ಡೈ ಅಮೋನಿಯಂ ಫಾಸ್ಫೇಟ್) ಮಾತ್ರ ಹೆಚ್ಚುವರಿ ನೆರವು ಕೊಟ್ಟು 50 ಕೆಜಿಗೆ 1,350ರಲ್ಲೇ ಹಿಡಿದಿಟ್ಟಿದ್ದಾರೆ. ಅದಕ್ಕೇ ಡಿಎಪಿಗೆ ಅಷ್ಟು ಸರದಿ.

ಲೆಕ್ಕ ಹೀಗಿದೆ. ಯೂರಿಯಾ ಚೀಲದಲ್ಲಿ ಸಾರಜನಕ 20.7 ಕೆಜಿ, ಕೆಜಿಗೆ ಸುಮಾರು 13 ರೂಪಾಯಿ ಬಿತ್ತು. ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಸಾರಜನಕದ 117 ಕಳೆದರೆ ರಂಜಕ ಕೆಜಿಗೆ 54ರ ಹತ್ತಿರ. ಯಾರಾದರೂ ಡಿಎಪಿಯನ್ನು 1,700ಕ್ಕೆ ಕೊಡುತ್ತೇನೆ ಎಂದರೆ ರಂಜಕ 69ಕ್ಕೆ ಬೀಳುತ್ತದೆ. ಆ ದರದಲ್ಲಿ ಸೂಪರ್ ಫಾಸ್ಫೇಟ್ ಚೀಲ (8 ಕೆಜಿ ರಂಜಕ) 550 ರೂಪಾಯಿಯೊಳಗೆ ಸಿಕ್ಕರೆ ಅದೇ ಅಗ್ಗ, ಗಂಧಕ ಪುಕ್ಕಟೆ. ಸೂರ್ಯಕಾಂತಿ, ಶೇಂಗಾ ಬೆಳೆಯುವವರಿಗಂತೂ ಗಂಧಕ ಬೇಕೇ ಬೇಕು.

ಅಚ್ಚುಕಟ್ಟಿನ ನೆಲ್ಲಿಗೆ ಶಿಫಾರಸು ಎಕರೆಗೆ 60 ಕೆಜಿ ಸಾರಜನಕ, 30 ರಂಜಕ, 30 ಪೊಟ್ಯಾಷ್. ಡಿಎಪಿ ದಾರಿಯಲ್ಲಿ 65 ಕೆಜಿ ಡಿಎಪಿ, 105 ಕೆಜಿ ಯೂರಿಯಾ. ಡಿಎಪಿ ಇಲ್ಲದಿದ್ದರೆ 20:20:0:13 ಕಾಂಪ್ಲೆಕ್ಸ್ ಗೊಬ್ಬರ (ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದ ಶೇಕಡಾ) ಮೂರು ಚೀಲ, ಯೂರಿಯಾ 65 ಕೆಜಿ. ಅದೂ ಇಲ್ಲದಿದ್ದರೆ ಸೂಪರ್ ಫಾಸ್ಫೇಟ್ ನಾಲ್ಕು ಚೀಲಕ್ಕೆ ಸ್ವಲ್ಪ ಕಡಿಮೆ, ಯೂರಿಯಾ 130 ಕೆಜಿ. ಯಾವ ದಾರಿಯಾದರೂ ಎಂಒಪಿ (ಪೊಟ್ಯಾಷ್ ಗೊಬ್ಬರ) ಒಂದು ಚೀಲ. 2025ರ ಮುಂಗಾರಿನಂತೆ ಯೂರಿಯಾಕ್ಕೇ ಸರದಿ ಬಿದ್ದರೆ ಎರಡನೇ ದಾರಿ ಮೇಲು, ಮೂರನೇ ದಾರಿಯ ಅರ್ಧದಷ್ಟು ಯೂರಿಯಾ ಸಾಕು. ಯೂರಿಯಾವನ್ನು ಮೂರು ಕಂತಿಗೆ ಒಡೆಯಿರಿ, ಗದ್ದೆಯ ನೀರು ಇಳಿಸಿ ಹಾಕಿರಿ. ನಿಂತ ನೀರಿಗೆ ಎರಚಿದ್ದು ಗಾಳಿಗೆ ಮತ್ತು ಕಾಲುವೆಗೆ. ಅಂಗಡಿಯವನು ಯೂರಿಯಾ ಜೊತೆ ಇನ್ನೊಂದು ಡಬ್ಬಿಯನ್ನು ಲಿಂಕ್ ಹಚ್ಚಿದರೆ, ಅಂದರೆ ಅದನ್ನೂ ಕೊಳ್ಳಲೇಬೇಕು ಎಂದರೆ, ಅದು ಕಾನೂನು ಅಲ್ಲ. ಮಾರಾಟ ದಾಖಲಿಸುವ ಪಿಒಎಸ್ ಯಂತ್ರದ ರಸೀದಿ ಕೇಳಿ, ಅದನ್ನು ಹಿಡಿದುಕೊಂಡು ಕೃಷಿ ಇಲಾಖೆಗೆ ದೂರು ಕೊಡಿ.

ಮೆಣಸಿನಕಾಯಿ, ಕಡಲೆ

ಸಿರುಗುಪ್ಪ, ಕುರುಗೋಡು ಕಡೆಯ ಮೆಣಸಿನಕಾಯಿಗೆ ಸುಂಕಕ್ಕಿಂತ ದೊಡ್ಡ ಗೋಡೆ ಎಂದರೆ ಎಣ್ಣೆಯ ಉಳಿಕೆ ಮತ್ತು ಬೂಷ್ಟಿನ ವಿಷ. ಯುರೋಪಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ಬೂಷ್ಟಿನ ವಿಷ ಕೆಜಿಗೆ 5 ಮೈಕ್ರೊಗ್ರಾಂ ದಾಟಬಾರದು, ಎಲ್ಲ ಅಫ್ಲಾಟಾಕ್ಸಿನ್ ಸೇರಿ ಒಟ್ಟು 10. ತೂಕಕ್ಕೆಂದು ನೀರು ಚಿಮುಕಿಸಿದ ಚೀಲದಲ್ಲಿ ಬೂಷ್ಟು ಎದ್ದರೆ ಈ ಮಿತಿ ದಾಟುವುದು ಬಹಳ ಸುಲಭ. ನೆಲದ ಮೇಲೆ ಬೇಡ, ತಾಡಪತ್ರಿ ಮೇಲೆ ಒಣಗಿಸಿ, ತೇವ ಶೇ 10-11ಕ್ಕೆ ಇಳಿಸಿ ಶೀತಲಗೃಹಕ್ಕೆ ಹಾಕಿ. ಕಪ್ಪು ಥ್ರಿಪ್ಸ್ ಕೀಟ ಬಂದ ಮೇಲೆ ಎಣ್ಣೆ ಹೊಡೆಯುವುದು ವಿಪರೀತವಾಗಿದೆ. ಲೇಬಲ್ಲಿನಲ್ಲಿ ಮೆಣಸಿನಕಾಯಿಯ ಹೆಸರಿಲ್ಲದ್ದನ್ನು ಹೊಡೆಯಬೇಡಿ, ಕೊಯ್ಲಿಗೆ ಮುಂಚಿನ ಕಾಯುವ ದಿನ ಎಣಿಸಿ, ಹೊಡೆದ ತಾರೀಖು ಬರೆದಿಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯ ಇದೆ. ಹತ್ತು ಜನ ಸೇರಿ ಒಂದು ಮಾದರಿ ಕೊಟ್ಟರೆ ಖರ್ಚು ಹಗುರ, ಆದರೆ ಹತ್ತೂ ಹೊಲಕ್ಕೆ ಒಂದೇ ಎಣ್ಣೆ, ಒಂದೇ ಕ್ರಮ ಇದ್ದಾಗ ಮಾತ್ರ ಆ ವರದಿಗೆ ಅರ್ಥ.

ಕಡಲೆಯವರಿಗೆ ಒಂದೇ ಮಾತು. ನಿಮ್ಮ ಪೈಪೋಟಿ ಹಳದಿ ಬಟಾಣಿಯ ಜೊತೆ. ಹಿಟ್ಟಿನ ಗಿರಣಿಯವರು ಕಡಲೆಯ ಬದಲು ಅದನ್ನು ಬೆರೆಸುತ್ತಾರೆ. 2023ರ ಡಿಸೆಂಬರಿನಿಂದ ಅದು ಸುಂಕವಿಲ್ಲದೆ ಬರುತ್ತಿತ್ತು, 2025ರ ನವೆಂಬರ್ 1ರಿಂದ ಶೇ 30 ಸುಂಕ ಬಿತ್ತು. ಕಡಲೆ ಸುಂಕದ ಸುದ್ದಿಯನ್ನಷ್ಟೇ ನೋಡಿ ಬಟಾಣಿ ಸುದ್ದಿ ಬಿಟ್ಟರೆ ಅರ್ಧವೇ ತಿಳಿದ ಹಾಗೆ.

ಸಬ್ಸಿಡಿಗಳು ಯಾಕೆ ಹೀಗೆ ಅಲುಗಾಡುತ್ತವೆ ಎಂಬುದಕ್ಕೆ ಒಂದು ಕಾರಣ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ. ಒಂದು ಬೆಳೆಗೆ ಕೊಡುವ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10 ದಾಟಬಾರದು, ಅದೂ 1986-88ರ ದರಕ್ಕೆ ಹೋಲಿಸಿ. ಭತ್ತದಲ್ಲಿ ಭಾರತ 2018-19ರಲ್ಲಿ ಮಿತಿ ದಾಟಿ, 2013ರ ಬಾಲಿ ಸಭೆಯಲ್ಲಿ ಸಿಕ್ಕ ರಕ್ಷಣೆಯನ್ನು ಬಳಸಿಕೊಂಡಿತು. ಬೆಳೆಗೆ ಅಂಟಿದ ನೆರವಿಗೆ ಈ ತಕರಾರು ತಪ್ಪಿದ್ದಲ್ಲ. ಗೋದಾಮು, ಒಣಗಿಸುವ ಕಣ, ಹನಿ ನೀರಾವರಿಯಂಥವಕ್ಕೆ ಅಷ್ಟು ತಕರಾರಿಲ್ಲ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷ ಶೇ 3 ಬಡ್ಡಿ ರಿಯಾಯಿತಿ ಇದೆ. ರೈತ ಉತ್ಪಾದಕ ಕಂಪನಿ ಇರುವ ಊರಿನವರು ಡ್ರೈಯರ್‌ಗೆ ಇದನ್ನು ಕೇಳಬಹುದು.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು.

"ಬೇಸಿಗೆ ಬೆಳೆಗೆ ಕಾಲುವೆ ನೀರು ಇಲ್ಲ ಎಂದರೆ ಏನು ಮಾಡೋದ್ರಿ?" 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದ ಮೇಲೆ ಈ ಪ್ರಶ್ನೆ ಎಲ್ಲರ ಮನೆಯದ್ದು. ನೀರಾವರಿ ಸಲಹಾ ಸಮಿತಿಯ ತೀರ್ಮಾನ ಬರುವವರೆಗೆ ಸಸಿ ಮಡಿ ಹಾಕಬೇಡಿ, ಲೀಜಿನ ಮುಂಗಡವನ್ನೂ ಕೊಡಬೇಡಿ. ನೆಲ್ಲು ಕೊಯ್ದ ತೇವದಲ್ಲಿ ಕಡಲೆ, ಜೋಳ ಬರುತ್ತದೆ. ಹೈಬ್ರಿಡ್ ಜೋಳಕ್ಕೆ 2025-26ರ ಬೆಂಬಲ ಬೆಲೆ 3,699. ಆದರೆ ಮಳೆಗೆ ಸಿಕ್ಕು ಕಪ್ಪಾದ ಕಾಳು ಕೇಂದ್ರದಲ್ಲಿ ನಿಲ್ಲುವುದಿಲ್ಲ, ತೇವ ಶೇ 14ರೊಳಗೆ ಇರಬೇಕು, ಸಮೀಕ್ಷೆಯಲ್ಲಿ ಜೋಳ ಎಂದೇ ದಾಖಲಾಗಿರಬೇಕು.

"ಮಿಲ್ಲಿನ ಯಂತ್ರದಲ್ಲಿ ತೇವ ಯಾವಾಗಲೂ ಹೆಚ್ಚೇ ತೋರಿಸುತ್ತದಲ್ಲ ಸರ್?" ಮೋಸ ಇರಬಹುದು, ಆದರೆ ಮೊದಲು ಮೂರು ಸಂಗತಿ ನೋಡಿ. ಯಂತ್ರದಲ್ಲಿ ನೆಲ್ಲು, ಅಕ್ಕಿ, ಜೋಳ ಎಂದು ಬೇರೆ ಬೇರೆ ಆಯ್ಕೆ ಇರುತ್ತದೆ, ನೆಲ್ಲಿಗೆ ಇಟ್ಟಿದ್ದಾರೆಯೇ ಕೇಳಿ. ಬಿಸಿಲಿನಿಂದ ನೇರ ತಂದ ಬಿಸಿ ಕಾಳಿಗೆ ಅಂಕಿ ತಪ್ಪುತ್ತದೆ, ಅರ್ಧ ಗಂಟೆ ನೆರಳಲ್ಲಿಡಿ. ಟ್ರಾಲಿಯ ತಳದ ಒಂದೇ ಮೂಲೆಯಿಂದ ತೆಗೆದ ಮಾದರಿ ಒಪ್ಪಬೇಡಿ. ಐದಾರು ಕಡೆಯಿಂದ ತೆಗೆದು ಕಲೆಸಿ ಮೂರು ಸಲ ಅಳೆಸಿ, ಸರಾಸರಿಯನ್ನು ತೂಕದ ಚೀಟಿಯ ಮೇಲೆ ಬರೆಸಿಕೊಳ್ಳಿ. ನಾಲ್ಕಾರು ಜನ ಕೂಡಿ ಒಂದು ಯಂತ್ರ ಕೊಂಡರೆ ಮನೆಯಲ್ಲೇ ಅಳೆದು ಗಾಡಿ ಹೂಡಬಹುದು.